ಅರಮನೆಯ ಸಾರೋಟಿಗೆ ಕಟ್ಟುವ ಆ ಕಂದು ಕುದುರೆ ಯಾವುದು?

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಬಕಿಂಗ್‌ಹ್ಯಾಮ್ ಅರಮನೆಯ ಪಕ್ಕದ ರಾಯಲ್ ಮ್ಯೂಸ್ ಎಂಬ ರಾಜಲಾಯ ನೋಡಿ ಬಂದೆವು. ಬಿಳಿ ಕುದುರೆಗಳ ಜೊತೆಗೆ ಕಂದು ಕುದುರೆಗಳೂ ಇದ್ದವು. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು. ಅವು ಕ್ಲೀವ್‌ಲ್ಯಾಂಡ್ ಬೇ ತಳಿಯವು, ಪಾಂಡಾಗಳಿಗಿಂತ ಅಪರೂಪ ಎಂದು ಗೈಡ್ ಹೇಳಿದರು. ಬಣ್ಣ ನೋಡಿ ಆರಿಸಿ ತರುತ್ತಾರೋ, ತಳಿಯೇ ಹಾಗೋ? ಅರಮನೆಯೇ ಸಾಕುವ ತಳಿ ಅಪರೂಪವಾದದ್ದು ಹೇಗೆ? ಮೈಸೂರಿನಲ್ಲಿ ನನ್ನ ಭಾವಮೈದ ಕಲ್ಯಾಣ ಮಂಟಪ ನಡೆಸುತ್ತಾನೆ. ಮದುವೆ ಸಾರೋಟಿಗೆ ಅಂಥ ಒಂದು ಜೋಡಿ ತರಿಸಬಹುದೇ ಎಂದು ಕೇಳುತ್ತಿದ್ದಾನೆ. ದಯವಿಟ್ಟು ತಿಳಿಸಿ.

ಉತ್ತರ: ಮೊದಲು ಗೈಡ್ ಮಾತಿಗೆ ಬರೋಣ, ಏಕೆಂದರೆ ಅದು ಪ್ರವಾಸಿಗರ ಮುಂದೆ ಬಿಡುವ ಪಟಾಕಿಯಲ್ಲ. 2006ರ ಅಂದಾಜಿನಂತೆ ಜಗತ್ತಿನಲ್ಲೆಲ್ಲ ಸೇರಿ ಶುದ್ಧ ಕ್ಲೀವ್‌ಲ್ಯಾಂಡ್ ಬೇ ಕುದುರೆಗಳು ಇದ್ದದ್ದು ಸುಮಾರು 550. ಹೋಲಿಕೆಗೆ, 2022ರ ಗಣತಿಯಲ್ಲಿ ನಮ್ಮ ಕರ್ನಾಟಕದ ಕಾಡುಗಳಲ್ಲಿ ಸಿಕ್ಕ ಹುಲಿಗಳೇ 563. ಕಾಡಿನ ಪಾಂಡಾಗಳ ಲೆಕ್ಕ ಸಾವಿರದ ಎಂಟುನೂರು ದಾಟುತ್ತದೆ. ಹಾಗಾಗಿ ಗೈಡ್ ಹೇಳಿದ್ದು ಸರಿ. ಆದರೆ ಒಂದು ತಿದ್ದುಪಡಿ ಬೇಕು: ಆ ಲಾಯದಲ್ಲಿ ಕಂಡ ಕಂದು ಕುದುರೆಗಳೆಲ್ಲ ಶುದ್ಧ ತಳಿಯವಲ್ಲ. ಕೆಲವು ಬೆರಕೆ. ಈ ಬೆರಕೆ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಎರಡನೇ ಪ್ರಶ್ನೆಯ ಉತ್ತರ ಅಲ್ಲೇ ಇದೆ.

ಈಗ ಬಣ್ಣ. ‘ಬೇ’ ಎಂಬುದು ಊರ ಹೆಸರಲ್ಲ, ಕೊಲ್ಲಿಯೂ ಅಲ್ಲ. ಕುದುರೆಯ ಬಣ್ಣದ ಹೆಸರು. ಮೈ ಕೆಂಗಂದು, ಕತ್ತಿನ ಕೂದಲು, ಬಾಲ, ಮೊಣಕಾಲಿನಿಂದ ಕೆಳಗೆ ನಾಲ್ಕೂ ಕಾಲು ಕಪ್ಪು. ರೇಸ್‌ಕೋರ್ಸಿನವರು ಬೇ ಎಂದೇ ಅನ್ನುತ್ತಾರೆ, ಉತ್ತರ ಭಾರತದವರು ಕುಮ್ಮೈತ್ ಎನ್ನುತ್ತಾರೆ. ಬೇರೆ ತಳಿಗಳಲ್ಲಿ ಬೇ ಹಲವು ಬಣ್ಣಗಳಲ್ಲಿ ಒಂದು. ಈ ತಳಿಯಲ್ಲಿ ಇರುವುದು ಅದೊಂದೇ. ತಳಿಯ ನಿಯಮ ಎಷ್ಟು ಬಿಗಿಯೆಂದರೆ ಹಣೆಯಲ್ಲಿ ಚಿಕ್ಕದೊಂದು ಬಿಳಿ ಚುಕ್ಕೆ ಇದ್ದರೆ ಒಪ್ಪಿಗೆ. ಮೂಗಿನ ಮೇಲೆ ಬಿಳಿ ಪಟ್ಟೆ, ಕಾಲಿಗೆ ಬಿಳಿ ಸಾಕ್ಸ್ ಇದ್ದರೆ ತಕರಾರು. ಗೊರಸೂ ಕಪ್ಪಾಗಿರಬೇಕು.

ಕುದುರೆಯ ಬಣ್ಣದ ಲೆಕ್ಕದಲ್ಲಿ ಮುಖ್ಯವಾಗಿ ಎರಡು ಜೀನ್‌ಗಳ ಆಟವಿದೆ. ಒಂದು, ಕಪ್ಪು ಬಣ್ಣ ತಯಾರಾಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಇನ್ನೊಂದು, ತಯಾರಾದ ಕಪ್ಪು ಮೈಯೆಲ್ಲ ಹರಡದಂತೆ ಕಾಲು, ಬಾಲ, ಕತ್ತಿನ ಕೂದಲಿಗೆ ಸೀಮಿತಗೊಳಿಸುತ್ತದೆ. ಎರಡೂ ಕೈಗೂಡಿದರೆ ಬೇ. ತಲೆಮಾರುಗಳಿಂದ ಬೇ ಕುದುರೆಯನ್ನು ಬೇ ಕುದುರೆಗೇ ಕೊಡಿಸುತ್ತ ಬಂದದ್ದರಿಂದ ಉಳಿದ ಬಣ್ಣಗಳ ಜೀನ್‌ಗಳು ಈ ತಳಿಯಿಂದ ಹೆಚ್ಚುಕಮ್ಮಿ ಸೋಸಿಹೋಗಿವೆ. ತಂದೆ ತಾಯಿ ಎರಡರಲ್ಲೂ ಕೆಂಪಿನ ಜೀನ್ ಅಡಗಿ ಕೂತಿದ್ದರೆ ಮಾತ್ರ ಎಂದಾದರೂ ಕೆಂಪು ಮರಿ ಹುಟ್ಟೀತು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಆರಿಸಿ ತಂದದ್ದಲ್ಲ, ಹುಟ್ಟಿದ್ದೇ ಹಾಗೆ.

ಸಾರೋಟಿಗೆ ಇದು ಯಾಕೆ ಮುಖ್ಯ ಎಂಬುದು ಜೋಡಿ ಕಟ್ಟಿದವರಿಗೆ ಗೊತ್ತು. ಎತ್ತಿನ ಜೋಡಿ ಹುಡುಕಿಕೊಂಡು ಜಾತ್ರೆಯಿಂದ ಜಾತ್ರೆಗೆ ಅಲೆಯುವ ನಮ್ಮ ರೈತರನ್ನು ನೆನೆಸಿಕೊಳ್ಳಿ: ಕೊಂಬು ಸರಿ ಇದ್ದರೆ ಎತ್ತರ ಇಲ್ಲ, ಎತ್ತರ ಇದ್ದರೆ ನಡಿಗೆ ಕೂಡುವುದಿಲ್ಲ. ನಾಲ್ಕು ಕುದುರೆಯ ಸಾರೋಟಿಗೆ ನಾಲ್ಕೂ ಒಂದೇ ಬಣ್ಣ, ಒಂದೇ ಎತ್ತರ, ಒಂದೇ ಹೆಜ್ಜೆ ಬೇಕು. ಕಾಲು ಕುಂಟಿ ಒಂದು ಕುದುರೆ ಲಾಯದಲ್ಲಿ ಉಳಿದರೆ ಬದಲಿಗೆ ಕಟ್ಟುವುದೂ ಅದೇ ಬಣ್ಣದ್ದಾಗಿರಬೇಕು. ಕ್ಲೀವ್‌ಲ್ಯಾಂಡ್‌ನಲ್ಲಿ ಬಣ್ಣದ ಚಿಂತೆ ಹುಟ್ಟಿನಲ್ಲೇ ಮುಗಿದಿರುತ್ತದೆ. ಉಳಿಯುವುದು ಎತ್ತರ ಮತ್ತು ಹೆಜ್ಜೆ.

ಎತ್ತರ 16ರಿಂದ 16.2 ಹ್ಯಾಂಡ್. ಇಲ್ಲೊಂದು ಗಲಿಬಿಲಿ ಆಗಾಗ ಆಗುತ್ತದೆ. ಒಂದು ಹ್ಯಾಂಡ್ ಎಂದರೆ ನಾಲ್ಕು ಅಂಗುಲ. ಚುಕ್ಕೆಯ ಮುಂದಿನ ಎರಡು ದಶಮಾಂಶವಲ್ಲ, ಎರಡು ಅಂಗುಲ. ಅಂದರೆ ಹೆಗಲಿನ ಹತ್ತಿರ 64ರಿಂದ 66 ಅಂಗುಲ, ಸೆಂಟಿಮೀಟರಿನಲ್ಲಿ 163ರಿಂದ 168. ತೂಕ 540 ಕಿಲೋದಿಂದ 680 ಕಿಲೋವರೆಗೆ. ರೇಸ್ ಕುದುರೆಗಿಂತ ಭಾರ, ಭಾರದ ಬಂಡಿ ಎಳೆಯುವ ಶೈರ್ ಕುದುರೆಗಿಂತ ಎಷ್ಟೋ ಹಗುರ. ಈ ನಡುವಿನ ಮೈಕಟ್ಟೇ ಸಾರೋಟು ಕುದುರೆಯ ಗುಟ್ಟು.

ಹಲವು ವರ್ಷಗಳ ಹಿಂದೆ ಹಾರೊಗೇಟ್ ಊರಿನಲ್ಲಿ ನಡೆಯುವ ಗ್ರೇಟ್ ಯಾರ್ಕ್‌ಶೈರ್ ಶೋಗೆ ಹೋಗಿದ್ದೆ. ಕೃಷಿ ಮೇಳ, ದನ ಕುರಿ ಹಂದಿ ಎಲ್ಲ ಇರುತ್ತವೆ. ಅಲ್ಲಿ ಒಂದು ಕ್ಲೀವ್‌ಲ್ಯಾಂಡ್ ಹೆಣ್ಣುಗುದುರೆಯನ್ನು ಕೈಮುಟ್ಟಿ ನೋಡುವ ಅವಕಾಶ ಸಿಕ್ಕಿತು. ರೇಸ್ ಕುದುರೆಗಳನ್ನೇ ಹೆಚ್ಚು ನೋಡಿದ ನನ್ನ ಕೈಗೆ ಮೊದಲು ತಿಳಿದದ್ದು ಕಾಲಿನ ಮೂಳೆ. ಮುಂಗಾಲಿನ ಮೊಣಕಾಲ ಕೆಳಗೆ ಬೆರಳು ಸುತ್ತಿದರೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಬಹಳ ಜಾಗ ಉಳಿಯಿತು. ಅಲ್ಲಿ ಟೇಪು ಹಿಡಿದರೆ ಒಂಬತ್ತು ಅಂಗುಲ ಅಥವಾ ಅದಕ್ಕೂ ಮೇಲೆ ಬರಬೇಕು ಎನ್ನುವುದು ತಳಿಗಾರರ ಮಾತು. ಅಷ್ಟು ದಪ್ಪ ಮೂಳೆ ಇದ್ದೂ ಗೊರಸಿನ ಮೇಲೆ ಶೈರ್ ಕುದುರೆಗಿರುವಂತೆ ಜೊಂಪೆ ಕೂದಲಿಲ್ಲ; ಕಾಲು ತೊಳೆದಿಟ್ಟ ಹಾಗೆ ಚೊಕ್ಕ. ಯಾರ್ಕ್‌ಶೈರಿನ ಜೇಡಿಮಣ್ಣಿನ ಕೆಸರಲ್ಲಿ ಓಡಾಡುವ ಕುದುರೆಗೆ ಇದರಿಂದ ದೊಡ್ಡ ಉಪಕಾರ, ಕೆಸರು ಅಂಟಿ ಚರ್ಮ ಕೊಳೆಯುವುದಿಲ್ಲ.

ಆ ಹೆಣ್ಣುಗುದುರೆಯ ಯಜಮಾನರು, ಎಪ್ಪತ್ತು ದಾಟಿದವರು, ಬಾಲವನ್ನು ಎತ್ತಿ ಅದರ ಬುಡದ ಕೂದಲನ್ನು ಬೆರಳಲ್ಲಿ ಬಿಡಿಸಿ ತೋರಿಸಿದರು. ಕಪ್ಪಿನ ನಡುವೆ ನಾಲ್ಕಾರು ಬೆಳ್ಳಿ ಎಳೆ. ನಾನು ವಯಸ್ಸಾಯಿತೇ ಎಂದು ಕೇಳಿದೆ. ಅವರು ನಕ್ಕರು, ಕುದುರೆಗಿನ್ನೂ ಆರು ವರ್ಷ. ಬಾಲದಲ್ಲಿ, ಕತ್ತಿನ ಕೂದಲಲ್ಲಿ ಕಾಣುವ ಈ ನರೆ ಎಳೆಗಳನ್ನು ಹಳಬರು ಶುದ್ಧ ರಕ್ತದ ಗುರುತು ಎಂದು ನಂಬುತ್ತಾರೆ. ಪ್ರದರ್ಶನದಲ್ಲಿ ಅದಕ್ಕೆ ಅಂಕ ಕಳೆಯುವುದಿಲ್ಲ.

ಇನ್ನು ಮೈಕಟ್ಟು. ತಲೆ ಸ್ವಲ್ಪ ದೊಡ್ಡದು, ಮೂಗಿನ ಗೆರೆ ಒಳಕ್ಕೆ ಬಾಗದೆ ಹೊರಕ್ಕೆ ಉಬ್ಬಿರುತ್ತದೆ. ಅರಬ್ಬಿ ಕುದುರೆಯ ಮುದ್ದು ಮುಖ ನೋಡಿದವರಿಗೆ ಇದು ಒರಟೆನಿಸಬಹುದು, ನನಗೂ ಮೊದಲ ನೋಟಕ್ಕೆ ಹಾಗೇ ಅನಿಸಿತು. ಕತ್ತು ಉದ್ದ, ಭುಜ ಹಿಂದಕ್ಕೆ ಓರೆಯಾಗಿ ಇಳಿದಿರುತ್ತದೆ, ಎದೆಗೂಡು ಆಳ, ಹಿಂಬದಿ ತುಂಬಿದ್ದು. ಕುದುರೆ ಬಂಡಿ ಎಳೆಯುತ್ತದೆ ಎನ್ನುತ್ತೇವೆ, ನಿಜದಲ್ಲಿ ಅದು ಹೆಗಲಪಟ್ಟಿಯನ್ನು ಮುಂದಕ್ಕೆ ನೂಕುತ್ತದೆ. ನೂಕುವ ಬಲ ಹಿಂಗಾಲಿನಿಂದ ಹುಟ್ಟಿ ಬೆನ್ನಿನ ಮೂಲಕ ಭುಜಕ್ಕೆ ಬರಬೇಕು. ಹಿಂಬದಿ ಸೊರಗಿದ್ದರೆ ಬಲವೇ ಇಲ್ಲ. ಭುಜ ನೆಟ್ಟಗಿದ್ದರೆ ಹೆಗಲಪಟ್ಟಿ ಚೆನ್ನಾಗಿ ಕೂರುತ್ತದೆ, ಆದರೆ ಹೆಜ್ಜೆ ಗಿಡ್ಡವಾಗುತ್ತದೆ. ಉಳುವ ಕುದುರೆಗೆ ನಡೆದೀತು, ಸಾರೋಟಿಗಲ್ಲ. ಕ್ಲೀವ್‌ಲ್ಯಾಂಡ್‌ನ ಓರೆ ಭುಜದಿಂದ ಹೆಜ್ಜೆ ಉದ್ದವಾಗಿ ನೇರವಾಗಿ ಬೀಳುತ್ತದೆ. ಹ್ಯಾಕ್ನಿ ಎಂಬ ಇನ್ನೊಂದು ಇಂಗ್ಲಿಷ್ ಸಾರೋಟು ತಳಿ ಮಂಡಿಯನ್ನು ಎದೆಮಟ್ಟ ಎತ್ತಿ ಕುಣಿಯುತ್ತ ಓಡುತ್ತದೆ. ನೋಡುಗರು ಚಪ್ಪಾಳೆ ಹೊಡೆಯುತ್ತಾರೆ, ಹತ್ತು ಮೈಲಿ ಓಡಿಸುವವನಿಗೆ ಅದು ಬರೀ ದಂಡದ ದಣಿವು. ಕ್ಲೀವ್‌ಲ್ಯಾಂಡ್ ಕಾಲನ್ನು ಬೇಕಾದಷ್ಟೇ ಎತ್ತುತ್ತದೆ, ಮುಂದಕ್ಕೆ ಹಾಕುತ್ತದೆ.

ಸ್ವಭಾವ ತಣ್ಣಗಿನದು, ಆದರೆ ಪೆದ್ದಲ್ಲ. ಕಲಿಸಿದ್ದನ್ನು ಬೇಗ ಕಲಿಯುತ್ತದೆ. ಅನ್ಯಾಯ ಮಾಡಿದವನನ್ನೂ ಬೇಗ ಮರೆಯುವುದಿಲ್ಲ. ಬೆಳವಣಿಗೆ ನಿಧಾನ. ರೇಸಿನ ಥರೋಬ್ರೆಡ್ ಎರಡನೇ ವರ್ಷಕ್ಕೇ ಓಟಕ್ಕಿಳಿಯುತ್ತದೆ. ಇದಕ್ಕೆ ಅಷ್ಟು ಅವಸರ ಮಾಡಿದರೆ ಕೀಲು ಹಾಳು. ಕಾದವನಿಗೆ ಆಯುಸ್ಸಿನಲ್ಲಿ ಲಾಭ.

ಈಗ ಎಲ್ಲಿಯದು ಎಂಬ ಕಥೆ. ಇಂಗ್ಲೆಂಡಿನ ಈಶಾನ್ಯದಲ್ಲಿ, ಯಾರ್ಕ್‌ಶೈರಿನ ಮೇಲುಗಡೆ, ಟೀಸ್ ನದಿಗೂ ಸಮುದ್ರದ ಕಡಿದಾದ ದಂಡೆಗೂ ನಡುವಿನ ಸೀಮೆ ಕ್ಲೀವ್‌ಲ್ಯಾಂಡ್. ಹೆಸರಿನ ಅರ್ಥವೂ ಕಡಿಬಂಡೆಗಳ ನಾಡು ಎಂದೇ. ಮಧ್ಯಯುಗದಲ್ಲಿ ಯಾರ್ಕ್‌ಶೈರಿನ ಕ್ರೈಸ್ತ ಮಠಗಳು ಸಾಮಾನು ಸಾಗಿಸಲು ಹೇರುಕುದುರೆಗಳನ್ನು ಸಾಕುತ್ತಿದ್ದವು. ಮುಂದೆ ಊರೂರು ತಿರುಗುವ ವ್ಯಾಪಾರಿಗಳು ಅವನ್ನೇ ಬಳಸಿದರು. ಆ ತಿರುಗು ವ್ಯಾಪಾರಿಗೆ ಚಾಪ್‌ಮನ್ ಎಂದು ಹೆಸರು, ಕುದುರೆಗೂ ಚಾಪ್‌ಮನ್ ಕುದುರೆ ಎಂದೇ ಹೆಸರು ಬಿತ್ತು. 1600ರ ಹೊತ್ತಿಗೆ ಆ ಕರಾವಳಿಯಲ್ಲಿ ಪಟಿಕದ ಗಣಿಗಾರಿಕೆ ಶುರುವಾಯಿತು, ಬಟ್ಟೆಗೆ ಬಣ್ಣ ಹಿಡಿಸಲು ಪಟಿಕ ಬೇಕಲ್ಲ. ಗಣಿಯ ಮಾಲು ಹೊತ್ತದ್ದೂ ಇವೇ. ನಮ್ಮ ಘಟ್ಟದ ದಾರಿಗಳಲ್ಲಿ ಉಪ್ಪು, ಅಡಿಕೆ ಹೊತ್ತಿಳಿದ ಹೇರೆತ್ತುಗಳ ಕೆಲಸವೇ ಅಲ್ಲಿ ಈ ಕುದುರೆಗಳದ್ದಾಗಿತ್ತು. 17ನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಬಾರ್ಬ್ ಮತ್ತು ಸ್ಪೇನಿನ ಕುದುರೆಗಳ ರಕ್ತ ಇದಕ್ಕೆ ಸೇರಿ ನಡಿಗೆ ನಯವಾಯಿತು ಎನ್ನುತ್ತಾರೆ. ಆ ಉಬ್ಬಿದ ಮೂಗನ್ನು ನೋಡಿದರೆ ನನಗೂ ಹೌದೆನಿಸುತ್ತದೆ.

ತಳಿಗಾರರಲ್ಲಿ ಒಂದು ಹಳೆಯ ಹೆಮ್ಮೆಯ ಮಾತಿದೆ: ನಮ್ಮ ಕುದುರೆಯಲ್ಲಿ ‘ಕಪ್ಪೂ ಇಲ್ಲ, ರಕ್ತವೂ ಇಲ್ಲ’. ಕಪ್ಪು ಎಂದರೆ ಭಾರದ ಬಂಡಿಯ ಕರಿಕುದುರೆ, ರಕ್ತ ಎಂದರೆ ರೇಸಿನ ಥರೋಬ್ರೆಡ್. ಹೆಮ್ಮೆಯೇನೋ ಸರಿ, ಪೂರ್ತಿ ನಿಜವಲ್ಲ. ಅರಬ್ಬಿ ಮೂಲದ ರೇಸ್ ಕುದುರೆಗಳ ಕೆಲವು ಹೆಸರು ಹಳೆಯ ವಂಶಾವಳಿಗಳಲ್ಲಿ ಸಿಗುತ್ತವೆ. ಯಾವ ತಳಿಯ ಕುಲಕಥೆಯಾದರೂ ಅಷ್ಟೆ, ಕೆದಕಿದರೆ ಎಲ್ಲೋ ಒಬ್ಬ ನೆಂಟ ಹೊರಗಿನವನಿರುತ್ತಾನೆ.

ಸಾರೋಟಿನ ಸುಗ್ಗಿ ಬಂದದ್ದು 18ನೇ ಶತಮಾನದಲ್ಲಿ. ರಸ್ತೆಗಳು ಕೆಸರಿನ ಹಳ್ಳವಾಗಿದ್ದಾಗ ಭಾರದ ಸಾರೋಟು ಎಳೆಯಲು ಕ್ಲೀವ್‌ಲ್ಯಾಂಡ್‌ನಷ್ಟು ಗಟ್ಟಿ ಕುದುರೆ ಬೇಕಿತ್ತು. 1784ರಲ್ಲಿ ಅಂಚೆ ಸಾರೋಟುಗಳು ಓಡತೊಡಗಿದವು. ಆಮೇಲೆ ಮ್ಯಾಕ್‌ಆಡಮ್ ವಿಧಾನದಲ್ಲಿ ಜಲ್ಲಿ ಹಾಕಿದ ರಸ್ತೆಗಳು ಬಂದವು, ರಸ್ತೆ ನುಣುಪಾದ ಮೇಲೆ ಜನಕ್ಕೆ ವೇಗದ ಚಟ ಹತ್ತಿತು. ಗಟ್ಟಿತನ ಸಾಲದು, ಓಟವೂ ಬೇಕು ಎಂದರು. ಆಗ ತಳಿಗಾರರು ಕ್ಲೀವ್‌ಲ್ಯಾಂಡ್ ಹೆಣ್ಣಿಗೆ ಥರೋಬ್ರೆಡ್ ಗಂಡು ಕೊಡಿಸಿದರು. ಹುಟ್ಟಿದ ಮರಿ ಎತ್ತರ, ಚೆಲುವು, ಚುರುಕು. ಅದಕ್ಕೆ ಯಾರ್ಕ್‌ಶೈರ್ ಕೋಚ್ ಹಾರ್ಸ್ ಎಂದು ಹೆಸರು. ಲಂಡನ್ನಿನ ಶ್ರೀಮಂತರ ಸಾರೋಟಿಗೆ ಅದರ ಜೋಡಿ ಕಟ್ಟುವುದೇ ಒಂದು ಅಂತಸ್ತಾಯಿತು.

ನಿಮ್ಮ ಎರಡನೇ ಪ್ರಶ್ನೆಯ ಗಂಟು ಇಲ್ಲಿದೆ. ಅಪರೂಪವಾಗಲು ರೈಲು ಕಾರಣ, ಮೋಟಾರು ಕಾರಣ, ಯುದ್ಧ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. 1825ರಲ್ಲಿ ಸ್ಟಾಕ್‌ಟನ್ ಮತ್ತು ಡಾರ್ಲಿಂಗ್‌ಟನ್ ನಡುವೆ ಹಬೆ ಎಂಜಿನ್‌ನ ಸಾರ್ವಜನಿಕ ರೈಲು ಮೊಟ್ಟಮೊದಲಿಗೆ ಓಡಿತು. ಆ ಸ್ಟಾಕ್‌ಟನ್ ಇರುವುದು ಅದೇ ಟೀಸ್ ನದಿಯ ದಡದಲ್ಲಿ. ಸಾರೋಟಿಗೆ ಯಮನಾಗಿ ಬಂದ ರೈಲು ಹುಟ್ಟಿದ್ದು ಸಾರೋಟು ಕುದುರೆಯ ತವರಿನ ಪಕ್ಕದ ಓಣಿಯಲ್ಲೇ. ಮೊದಲ ಮಹಾಯುದ್ಧದಲ್ಲಿ ಫಿರಂಗಿ ಎಳೆಯಲು ಹೋದವುಗಳಲ್ಲಿ ಎಷ್ಟೋ ತಿರುಗಿ ಬರಲಿಲ್ಲ. ಆದರೆ ಈ ಪೆಟ್ಟು ಎಲ್ಲ ತಳಿಗಳಿಗೂ ಬಿತ್ತು. ಕ್ಲೀವ್‌ಲ್ಯಾಂಡ್‌ಗೆ ಮಾತ್ರ ಬಿದ್ದ ಪೆಟ್ಟು ಬೇರೆ: ಅದು ಬೆರಕೆಗೆ ಅತಿಯಾಗಿ ಒಳ್ಳೆಯದು. ಥರೋಬ್ರೆಡ್ ಜೊತೆ ಸೇರಿಸಿದರೆ ಬೇಟೆಗೆ, ಬೇಲಿ ಹಾರುವುದಕ್ಕೆ, ಸಾರೋಟಿಗೆ ಮೊದಲ ದರ್ಜೆಯ ಕುದುರೆ ಹುಟ್ಟುತ್ತದೆ. ಜರ್ಮನಿಯವರು ಕೊಂಡುಹೋಗಿ ಓಲ್ಡನ್‌ಬರ್ಗ್, ಹೋಲ್‌ಸ್ಟೈನ್, ಹ್ಯಾನೋವರ್ ತಳಿಗಳನ್ನು ತಿದ್ದಿಕೊಂಡರು. ಅಮೆರಿಕದ ಬಫಲೋ ಬಿಲ್ ತನ್ನ ವೈಲ್ಡ್ ವೆಸ್ಟ್ ಆಟದಲ್ಲಿ ನಾಲ್ಕು ಕ್ಲೀವ್‌ಲ್ಯಾಂಡ್ ಗಂಡುಗಳನ್ನು ಒಟ್ಟಿಗೆ ಕಟ್ಟಿ ಓಡಿಸುತ್ತಿದ್ದ. ಎಲ್ಲರಿಗೂ ಬೇಕು, ಆದರೆ ಬೇಕಾದದ್ದು ಅದರ ಬೆರಕೆ ಮರಿ.

ರೈತನ ಕಡೆಯಿಂದ ನೋಡಿ. ಹೆಣ್ಣುಗುದುರೆ ಹನ್ನೊಂದು ತಿಂಗಳು ಹೊರುತ್ತದೆ, ಒಂದೇ ಮರಿ ಹಾಕುತ್ತದೆ. ಅವಳಿಯಾದರೆ ಬಹುಪಾಲು ಎರಡೂ ಉಳಿಯುವುದಿಲ್ಲ. ಶುದ್ಧ ಮರಿಗೆ ಬೆಲೆ ಕಡಿಮೆ, ಬೆರಕೆ ಮರಿಗೆ ಹೆಚ್ಚು. ಈ ವರ್ಷ ಯಾವ ಗಂಡು ಕೊಡಿಸುತ್ತೀರಿ? ನಾನಾದರೂ ಥರೋಬ್ರೆಡ್ಡನ್ನೇ ಕೊಡಿಸುತ್ತಿದ್ದೆನೇನೋ. ಒಬ್ಬೊಬ್ಬರ ಲೆಕ್ಕವೂ ಸರಿಯೇ. ಆದರೆ ಹೆಣ್ಣು ತನ್ನ ಜಾಗಕ್ಕೆ ಒಂದು ಶುದ್ಧ ಹೆಣ್ಣುಮರಿಯನ್ನಾದರೂ ಬಿಟ್ಟುಹೋಗಬೇಕು. ಹುಟ್ಟುವುದರಲ್ಲಿ ಅರ್ಧ ಗಂಡು, ಉಳಿದ ಹೆಣ್ಣುಗಳಲ್ಲೂ ಎಲ್ಲವೂ ತಾಯಿಯಾಗುವುದಿಲ್ಲ. ಹೀಗೆ ನಾಲ್ಕು ಶುದ್ಧ ಮರಿ ಹಾಕಬೇಕಾದವಳು ನಾಲ್ಕು ಬೆರಕೆ ಹಾಕಿದರೆ ಆ ತಾಯಿಯ ಕುಲ ಅಲ್ಲಿಗೆ ಮುಗಿಯಿತು.

ಇನ್ನೂ ಒಂದು ವಿಚಿತ್ರ. ಬೆರಕೆಯ ಆ ಚೆಲುವ, ಯಾರ್ಕ್‌ಶೈರ್ ಕೋಚ್ ಹಾರ್ಸ್, ತಾನೂ ಉಳಿಯಲಿಲ್ಲ. ಸಿರಿವಂತರ ಸಾರೋಟುಗಳು ಕಾರುಗಳಾದ ಮೇಲೆ ಅದಕ್ಕೆ ಬೇರೆ ಕಸುಬೇ ಇರಲಿಲ್ಲ, 1936ರಲ್ಲಿ ಅದರ ವಂಶಾವಳಿ ಪುಸ್ತಕವನ್ನು ಮುಚ್ಚಿಬಿಟ್ಟರು. ಆ ತಳಿ ಈಗಿಲ್ಲ. ಉಳುಮೆ, ಹೇರು, ಬಂಡಿ ಎಲ್ಲಕ್ಕೂ ಒಗ್ಗುವ ತಾಯಿ ತಳಿ ಮಾತ್ರ ಯಾರ್ಕ್‌ಶೈರಿನ ಹೊಲಗಳಲ್ಲಿ ಹೇಗೋ ಉಸಿರು ಹಿಡಿದುಕೊಂಡಿತ್ತು. 1884ರಲ್ಲೇ ಒಂದು ತಳಿ ಸಂಘ ಕಟ್ಟಿ ವಂಶಾವಳಿ ಬರೆಯತೊಡಗಿದ್ದು ಪುಣ್ಯ. ಮೊದಲ ಸಂಪುಟದಲ್ಲಿ ಗಂಡುಕುದುರೆಗಳ ಹೆಸರೇ 291 ಇದ್ದವು.

1962ಕ್ಕೆ ಬನ್ನಿ. ಬ್ರಿಟನ್ನಿನಲ್ಲಿ ಉಳಿದಿದ್ದ ಶುದ್ಧ ಗಂಡುಕುದುರೆಗಳು ನಾಲ್ಕು.

ಈ ನಾಲ್ಕು ಎಂಬ ಅಂಕಿ ಎಷ್ಟು ಭಯಂಕರ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ನಮ್ಮ ತಳಿಶಾಸ್ತ್ರದಲ್ಲಿ ಮಂದೆಯ ತಲೆ ಎಣಿಸಿದರೆ ಸಾಲದು, ರಕ್ತದಲ್ಲಿ ಎಷ್ಟು ವೈವಿಧ್ಯ ಇದೆ ಎಂದು ನೋಡಬೇಕು. ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿ, ಗಂಡು ಹೆಣ್ಣುಗಳ ಒಟ್ಟು ಮೊತ್ತದಿಂದ ಭಾಗಿಸಬೇಕು. ಮಾತಿಗೆ ನೂರು ಹೆಣ್ಣು, ನಾಲ್ಕು ಗಂಡು ಇಟ್ಟುಕೊಳ್ಳಿ. ಉತ್ತರ 15 ಚಿಲ್ಲರೆ. ಕಣ್ಣಿಗೆ 104 ಕುದುರೆ ಕಂಡರೂ ಅದು ನಿಜದಲ್ಲಿ 15 ಕುದುರೆಗಳ ಮಂದೆ. ಒಂದೆರಡು ತಲೆಮಾರಿನೊಳಗೆ ಎಲ್ಲರೂ ಎಲ್ಲರಿಗೂ ದಾಯಾದಿಗಳು. ಅದೇ ನೂರು ಹೆಣ್ಣಿಗೆ 36 ಗಂಡಿದ್ದರೆ ಉತ್ತರ 105ನ್ನು ದಾಟುತ್ತದೆ. 36 ಎಂಬ ಅಂಕಿಯನ್ನು ಸುಮ್ಮನೆ ಹಾಕಲಿಲ್ಲ, ಅದಕ್ಕೇ ಬರುತ್ತೇನೆ.

ಆ ಹೊತ್ತಿಗೆ ಮಲ್‌ಗ್ರೇವ್ ಸುಪ್ರೀಮ್ ಎಂಬ ಎಳೆಯ ಗಂಡುಕುದುರೆ ಅಮೆರಿಕಕ್ಕೆ ಮಾರಾಟವಾಗಿ ಹಡಗು ಹತ್ತುವುದರಲ್ಲಿತ್ತು. ರಾಣಿ ಎರಡನೇ ಎಲಿಜಬೆತ್ ಅದನ್ನು ಕೊಂಡುಕೊಂಡರು. ಅರಮನೆಯಲ್ಲಿ ಕಟ್ಟಿಹಾಕಿ ಮೆರೆಸಲಿಲ್ಲ. ತಳಿಗಾರರ ಹೆಣ್ಣುಗುದುರೆಗಳಿಗೆ ಕೊಡಿಸಲು ಬಿಟ್ಟರು. ನನ್ನ ಲೆಕ್ಕದಲ್ಲಿ ಅವರು ಮಾಡಿದ ಜಾಣತನ ಇದೇ. ರಾಣಿಯ ಕುದುರೆಯ ಮರಿ ಎಂದೊಡನೆ ಶುದ್ಧ ಮರಿಗೆ ಬೆಲೆ ಬಂತು, ಬೆರಕೆಗೂ ಶುದ್ಧಕ್ಕೂ ನಡುವಿದ್ದ ಬೆಲೆಯ ಅಂತರವೇ ತಳಿಯನ್ನು ಕೊಲ್ಲುತ್ತಿತ್ತಲ್ಲ. ಹದಿನೈದು ವರ್ಷಗಳಲ್ಲಿ ಬ್ರಿಟನ್ನಿನ ಶುದ್ಧ ಗಂಡುಗಳು ನಾಲ್ಕರಿಂದ 36ಕ್ಕೆ ಏರಿದವು. ಆದರೂ ಇದರಲ್ಲಿ ಒಂದು ಕಹಿ ಇದೆ: ಒಬ್ಬನ ಮಕ್ಕಳೇ ಊರು ತುಂಬಿದರೆ ತಲೆ ಹೆಚ್ಚಿದರೂ ರಕ್ತ ಹೆಚ್ಚುವುದಿಲ್ಲ, ಮೇಲೆ ಹೇಳಿದ ಸೂತ್ರವೂ ಅಷ್ಟನ್ನು ಹಿಡಿಯುವುದಿಲ್ಲ. ಹಾಗಾಗಿ ಇಂದು ಆ ಸಂಘದವರು ಯಾವ ಹೆಣ್ಣಿಗೆ ಯಾವ ಗಂಡು ಎಂಬುದನ್ನು ಕಂಪ್ಯೂಟರಿನಲ್ಲಿ ನೆಂಟಸ್ತನ ಲೆಕ್ಕ ಹಾಕಿ ಸೂಚಿಸುತ್ತಾರೆ. ನಮ್ಮಲ್ಲಿ ಗೋತ್ರ ನೋಡಿದ ಹಾಗೆ ಅನ್ನಿ, ಇದಕ್ಕೆ ಡಿಎನ್‌ಎ ಸಾಕ್ಷಿ ಇದೆ.

ಅರಮನೆಗೂ ಈ ಕುದುರೆಗೂ ನಂಟು ಅದಕ್ಕೂ ಹಳೆಯದು. 1920ರ ದಶಕದಲ್ಲಿ ಐದನೇ ಜಾರ್ಜ್ ಇವನ್ನು ರಾಯಲ್ ಮ್ಯೂಸ್‌ಗೆ ತಂದರು. ನೀವು ಕಂಡ ಬಿಳಿಯವು ವಿಂಡ್ಸರ್ ಗ್ರೇ. ಅದು ತಳಿಯ ಹೆಸರಲ್ಲ, ಬಣ್ಣ ಮತ್ತು ಕೆಲಸ ನೋಡಿ ಕರೆಯುವ ಹೆಸರು. ಬಿಳಿಯವು ಸಾಮಾನ್ಯವಾಗಿ ರಾಜ ರಾಣಿಯರ ಸಾರೋಟಿಗೆ, ಕಂದಿನವು ಉಳಿದ ದೈನಂದಿನ ದುಡಿಮೆಗೆ. ಬಕಿಂಗ್‌ಹ್ಯಾಮ್ ಮತ್ತು ಸೇಂಟ್ ಜೇಮ್ಸ್ ಅರಮನೆಗಳ ನಡುವೆ ಟಪಾಲು ಒಯ್ಯುವ ಚಿಕ್ಕ ಮುಚ್ಚು ಗಾಡಿಯ ಪದ್ಧತಿ 1843ರಿಂದ ನಡೆದುಬಂದದ್ದು, ಅದನ್ನು ಎಳೆದದ್ದೂ ಇಂಥವೇ. ಹೊಸ ರಾಯಭಾರಿಗಳು ಅರಮನೆಗೆ ಅಧಿಕಾರಪತ್ರ ಒಪ್ಪಿಸಲು ಹೋಗುವಾಗಲೂ ಸಾರೋಟು ಬರುತ್ತದೆ. ಅಲ್ಲೊಂದು ತಮಾಷೆಯ ಶಿಷ್ಟಾಚಾರವಿದೆ: ಬೇರೆ ದೇಶಗಳ ರಾಯಭಾರಿಗೆ ಎರಡು ಕುದುರೆ, ಕಾಮನ್‌ವೆಲ್ತ್ ದೇಶಗಳ ಹೈಕಮಿಷನರ್‌ಗೆ ನಾಲ್ಕು. ಭಾರತದ ಪ್ರತಿನಿಧಿ ಹೈಕಮಿಷನರ್ ಆದ್ದರಿಂದ ಈ ಲೆಕ್ಕದಲ್ಲಿ ನಮಗೆ ಎರಡು ಕುದುರೆ ಹೆಚ್ಚು.

ರಾಜಕುಮಾರ ಫಿಲಿಪ್ ಪೋಲೊ ಬಿಟ್ಟ ಮೇಲೆ ನಾಲ್ಕು ಕುದುರೆಯ ಗಾಡಿ ಓಡಿಸುವ ಸ್ಪರ್ಧೆಗೆ ಇಳಿದರು. ಅರಮನೆಯ ಬೇ ಕುದುರೆಗಳನ್ನೇ ಕಟ್ಟುತ್ತಿದ್ದರು, 1980ರಲ್ಲಿ ವಿಂಡ್ಸರಿನ ವಿಶ್ವ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಬ್ರಿಟಿಷ್ ತಂಡದಲ್ಲೂ ಇದ್ದರು. ಹೊಳೆ ದಾಟಿಸುವುದು, ಮರಗಳ ನಡುವೆ ಸುತ್ತಿಸುವುದು ಎಲ್ಲ ಇರುವ ಒರಟು ಸ್ಪರ್ಧೆ ಅದು. ಮೆರವಣಿಗೆಯಲ್ಲಿ ಬೊಂಬೆಯಂತೆ ನಡೆಯುವ ಕುದುರೆ ಅಲ್ಲಿ ಮಣ್ಣು ಎರಚುತ್ತ ಓಡುವುದನ್ನು ನೋಡಬೇಕು.

ಇನ್ನು ನಿಮ್ಮ ಭಾವಮೈದನ ಜೋಡಿ. ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ: ತರಿಸುವುದು ಬೇಡ. ವಿಮಾನದ ಖರ್ಚು, ಕ್ವಾರಂಟೈನ್, ಪರವಾನಗಿ ಇವೆಲ್ಲ ದುಡ್ಡಿದ್ದವರು ದಾಟಬಹುದಾದ ಹೊಳೆಗಳು. ನನ್ನ ತಕರಾರು ಬೇರೆ. ವರ್ಷಕ್ಕೆ ಹುಟ್ಟುವ ಶುದ್ಧ ಮರಿಗಳು ಬೆರಳೆಣಿಕೆಗೆ ಹತ್ತಿರವಿರುವ ತಳಿಯಿಂದ ಎರಡು ಹೆಣ್ಣನ್ನು ಮೈಸೂರಿಗೆ ತಂದರೆ ಅವಕ್ಕೆ ಇಲ್ಲಿ ಗಂಡಿಲ್ಲ. ಎರಡು ತಾಯಿ ಕುಲಗಳು ಆರತಕ್ಷತೆಯ ಫೋಟೋಗಳಲ್ಲಿ ಮುಗಿದುಹೋಗುತ್ತವೆ. ಬೀಜ ಒಡೆದ ಗಂಡು ತಂದರೆ ಆ ಪಾಪವಿಲ್ಲ, ಆದರೆ ಸೆಕೆ ಇದೆ. ತಂಪು ನಾಡಿನ ಕುದುರೆಯನ್ನು ಬಿಸಿ, ತೇವದ ಹವೆಗೆ ತಂದಾಗ ಕೆಲವಕ್ಕೆ ಬೆವರುವುದೇ ನಿಂತುಹೋಗುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತಕ್ಕೆ ತಂದ ಕುದುರೆಗಳಲ್ಲಿ ಇದನ್ನು ಕಂಡು ‘ಒಣ ಮೈ’ ಎಂದು ಕರೆದಿದ್ದರು. ಕುದುರೆ ಮೈಬಿಸಿ ಇಳಿಸುವುದೇ ಬೆವರಿನಿಂದ. ಬೆವರು ನಿಂತರೆ ಸಣ್ಣ ಓಟಕ್ಕೂ ಮೂಗಿನ ಹೊಳ್ಳೆ ಅರಳಿಸಿ ಏದುಸಿರು ಬಿಡುತ್ತದೆ, 38 ಡಿಗ್ರಿ ಸುತ್ತಮುತ್ತ ಇರಬೇಕಾದ ಮೈಬಿಸಿ 40 ದಾಟುತ್ತದೆ. ಮೈಸೂರು ಎತ್ತರದ ಊರು, ತಂಪು ಎನ್ನುತ್ತೀರಿ. ಏಪ್ರಿಲ್-ಮೇ ಮದುವೆ ಕಾಲದ ಮಧ್ಯಾಹ್ನ, ಟಾರು ರಸ್ತೆ, 600 ಕಿಲೋ ಮೈ. ಜೊತೆಗೆ ನೊಣ ಹರಡುವ ಸರ್ರಾ ರೋಗ ನಮ್ಮಲ್ಲಿದೆ, ಅವಕ್ಕೆ ಅದರ ಪರಿಚಯವಿಲ್ಲ.

ಅದರ ಬದಲು ಹೀಗೆ ಮಾಡಲಿ. ಅರಮನೆ ಸುತ್ತ ಓಡುವ ಸಾರೋಟು, ಜಟಕಾದವರ ಹತ್ತಿರ ಒಂದು ವಾರ ಬೆಳಿಗ್ಗೆ ಹೋಗಿ ಕೂರಲಿ. ಯಾರ ಕುದುರೆಯ ಹೆಗಲಲ್ಲಿ ಹುಣ್ಣಿಲ್ಲ, ಯಾರು ಲಾಳ ಸವೆಯುವ ಮುಂಚೆ ಬದಲಿಸುತ್ತಾರೆ, ಯಾರು ಹುರುಳಿಯನ್ನು ಬೇಯಿಸಿ ಆರಿಸಿ ಹುಲ್ಲಿನ ಜೊತೆ ಅಳತೆಯಲ್ಲಿ ಹಾಕುತ್ತಾರೆ ಎಂದು ನೋಡಲಿ. ಬರೀ ಹುರುಳಿ, ಬೂಸಾ ಸುರಿದವನ ಕುದುರೆಗೆ ಇಂದಲ್ಲ ನಾಳೆ ಹೊಟ್ಟೆಶೂಲೆ ಖಂಡಿತ. ಅಂಥ ಒಬ್ಬ ಒಳ್ಳೆಯ ಸಾರೋಟಿನವನ ಜೊತೆ ವರ್ಷಕ್ಕೆ ಒಪ್ಪಂದ ಮಾಡಿಕೊಂಡರೆ ಲಾಯದ ತಲೆನೋವೇ ಇಲ್ಲ. ಸ್ವಂತದ್ದೇ ಬೇಕೆಂಬ ಹಟವಿದ್ದರೆ ಮಾರ್ವಾಡಿ, ಕಾಠಿಯಾವಾಡಿ ಜೋಡಿ ನೋಡಲಿ. ಕಿವಿಯ ತುದಿ ಒಂದಕ್ಕೊಂದು ತಾಗುವಂತೆ ಒಳಕ್ಕೆ ಬಾಗಿದ ಆ ಕುದುರೆಗಳಲ್ಲೂ ಬೇ ಬಣ್ಣ ಧಾರಾಳ, ನಮ್ಮ ಬಿಸಿಲು ಅವಕ್ಕೆ ಹುಟ್ಟಿನಿಂದ ಗೊತ್ತು. ಎತ್ತರದಲ್ಲಿ ಕ್ಲೀವ್‌ಲ್ಯಾಂಡ್‌ಗೆ ಸಮ ಬರಲಿಕ್ಕಿಲ್ಲ, ಹಗುರ ಸಾರೋಟಿಗೆ ಅಷ್ಟು ಬೇಕಾಗಿಯೂ ಇಲ್ಲ.

ಯಾವ ತಳಿ ತಂದರೂ ಸದ್ದಿಗೆ ಪಳಗಿಸದೆ ಮದುವೆ ಮನೆಗೆ ಕಟ್ಟಬಾರದು. ಲಂಡನ್ನಿನ ಲಾಯದಲ್ಲಿ ಬ್ಯಾಂಡು, ಬಾವುಟ, ಜನರ ಕೂಗಿಗೆ ತಿಂಗಳುಗಟ್ಟಲೆ ರೂಢಿ ಮಾಡಿಸುತ್ತಾರೆ. ನಮ್ಮಲ್ಲೂ ದಸರೆಗೆ ಮುಂಚೆ ಕುಶಾಲತೋಪು ಹಾರಿಸಿ ಆನೆ, ಕುದುರೆಗಳಿಗೆ ತಾಲೀಮು ಕೊಡುವುದನ್ನು ನೋಡಿಯೇ ಇರುತ್ತೀರಿ. ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ, ಪಕ್ಕದಲ್ಲಿ ಅನುಭವಸ್ಥ ಹಳೆಯ ಕುದುರೆಯೊಂದನ್ನು ನಿಲ್ಲಿಸಿಕೊಂಡು. ಡಿಜೆ ಪೆಟ್ಟಿಗೆಯನ್ನು ಸಾರೋಟಿನ ಹಿಂದಿನಿಂದ ಒಮ್ಮೆಲೇ ಹಚ್ಚಿದಾಗ ಏನಾಗುತ್ತದೆಂದು ನಾನು ಒಂದು ಮದುವೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಮದುಮಗ ಹಾರಿ ಪಾರಾದ, ಕುದುರೆಯ ಮುಂಗಾಲಿಗೆ ಹನ್ನೆರಡು ಹೊಲಿಗೆ ನಾನೇ ಹಾಕಿದೆ.

ಮುಂದಿನ ಸಲ ಮಗಳ ಮನೆಗೆ ಹೋದಾಗ ಜುಲೈ ತಿಂಗಳಾಗಿದ್ದರೆ ಲಂಡನ್ ಬಿಟ್ಟು ಒಂದು ದಿನ ಹಾರೊಗೇಟ್‌ಗೆ ರೈಲು ಹತ್ತಿ. ಭಾವಮೈದನನ್ನೂ ಕರೆದೊಯ್ಯಿರಿ. ಬಾಲ ಎತ್ತಿ ಆ ಬೆಳ್ಳಿ ಎಳೆ ತೋರಿಸಿ ಎಂದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಆದರೆ ಯಜಮಾನರನ್ನು ಕೇಳದೆ ಕುದುರೆಯ ಹಿಂದೆ ನಿಲ್ಲಬೇಡಿ.